ಬಡಬಾಗ್ನಿಯೊಳಗಿನ ಹೆಣ್ಣು ಕುದುರೆ

ಎಂಟನೇ ತರಗತಿಯ ಮಕ್ಕಳಿಗೆ ಜಲಚಕ್ರದ ವಿಷಯ ಹೇಳುತ್ತಿದ್ದೆ. ಬೆಳಗಿನ ಎರಡನೇ ಪೀರಿಯಡ್ಡು. ಪಾಠಕ್ಕೆ ಮೊದಲು ಒಂದು ಪ್ರಶ್ನೆ ಎಸೆದು ಮಕ್ಕಳ ಮುಖ ನೋಡುವುದು ನನ್ನ ಹಳೆಯ ಚಾಳಿ. ‘ಕಾವೇರಿ, ಕೃಷ್ಣೆ, ಗೋದಾವರಿ, ಗಂಗೆ ಎಲ್ಲವೂ ಹಗಲು ರಾತ್ರಿ ಸಮುದ್ರಕ್ಕೆ ನೀರು ಸುರಿಯುತ್ತಲೇ ಇವೆ. ಆದರೂ ಸಮುದ್ರ ಯಾಕೆ ತುಂಬಿ ಚೆಲ್ಲುವುದಿಲ್ಲ?’ ಎಂದೆ. ಮುಂದಿನ ಬೆಂಚಿನವರು ‘ಸಮುದ್ರ ತುಂಬಾ ದೊಡ್ಡದು ಸಾರ್’ ಎಂದರು. ಒಬ್ಬಳು ‘ಕೆಳಗಡೆ ತೂತು ಇರಬಹುದು ಸಾರ್’ ಎಂದಳು. ಆಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ.

‘ಸಮುದ್ರದೊಳಗೆ ಬಡಬಾಗ್ನಿ ಐತಲ್ಲ ಸಾ, ಅದು ಕುಡ್ಕೊಬುಡ್ತದೆ’ ಎಂದ.

ನನಗೆ ಆಶ್ಚರ್ಯ. ಈ ಕಾಲದ ಹುಡುಗನ ಬಾಯಲ್ಲಿ ಬಡಬಾಗ್ನಿ! ‘ಭಲೆ! ಬಡಬಾಗ್ನಿ ಅಂದರೇನಯ್ಯಾ?’ ಎಂದು ಕೇಳಿದೆ.

‘ಬಡವರ ಹೊಟ್ಟೇಲಿ ಉರೀತದಲ್ಲ ಸಾ, ಆ ಬೆಂಕಿ.’

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿ ಕುಳಿತುಬಿಟ್ಟ. ನಾನು ಕಪ್ಪುಹಲಗೆಯ ಮೇಲೆ ಸೂರ್ಯ, ಮೋಡ, ಬಾಣದ ಗುರುತು ಬರೆದು ಪಾಠ ಮುಗಿಸಿದೆ.

ಗಂಟೆ ಹೊಡೆದು ಸ್ಟಾಫ್ ರೂಮಿಗೆ ಬಂದ ಮೇಲೆ ಒಂದು ಅನುಮಾನ ಹುಳುವಿನ ಹಾಗೆ ಕೊರೆಯತೊಡಗಿತು. ಬಡಬಾಗ್ನಿ ಸಮುದ್ರದೊಳಗಿನ ಬೆಂಕಿ, ಅದು ಸರಿ. ಆದರೆ ‘ಬಡಬಾ’ ಎಂದರೇನು? ಹುಡುಗನ ಅರ್ಥ ತಪ್ಪೆಂದು ನಕ್ಕವನಿಗೆ ಸರಿಯಾದ ಅರ್ಥ ಗೊತ್ತಿರಬೇಕಲ್ಲವೆ? ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಕನ್ನಡದ ಮೇಡಂ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕೇಳಿದೆ. ಅವರು ತಲೆ ಎತ್ತದೆಯೇ ‘ಹೆಣ್ಣು ಕುದುರೆ ಸಾರ್’ ಎಂದರು.

ಸಮುದ್ರದ ಬೆಂಕಿಗೂ ಹೆಣ್ಣು ಕುದುರೆಗೂ ಎಲ್ಲಿಂದೆಲ್ಲಿಯ ನಂಟು? ಅಂದಿನಿಂದ ಒಂದು ವಾರ ಈ ಕುದುರೆಯ ಬೆನ್ನು ಹತ್ತಿದೆ. ಹಿಡಿದಷ್ಟನ್ನು ಓದುಗರ ಮುಂದೆ ಕಟ್ಟಿಹಾಕುತ್ತಿದ್ದೇನೆ.

ಮೊದಲು ಪದದ ಮೂಲ ನೋಡೋಣ. ಸಂಸ್ಕೃತದಲ್ಲಿ ಹೆಣ್ಣು ಕುದುರೆಗೆ ಮೂರು ಹೆಸರುಗಳನ್ನು ಅಮರಕೋಶ ಕೊಡುತ್ತದೆ: ವಾಮೀ, ಅಶ್ವಾ, ವಡವಾ. ಹೆಣ್ಣು ಕುದುರೆಗಳ ಹಿಂಡಿಗೆ ‘ವಾಡವ’ ಎಂದು ಪ್ರತ್ಯೇಕ ಹೆಸರೇ ಇದೆ. ‘ಅಶ್ವಾ’ ಎಂಬುದು ಅಶ್ವಕ್ಕೆ ಸ್ತ್ರೀಲಿಂಗದ ಬಾಲ ಅಂಟಿಸಿದ್ದು. ‘ವಡವಾ’ ಹಾಗಲ್ಲ, ಅದಕ್ಕೆ ಗಂಡು ಕುದುರೆಯ ಹೆಸರಿನ ಹಂಗಿಲ್ಲ. ವಕಾರ ಬಕಾರಗಳು ಅದಲುಬದಲಾಗಿ ವಡಬಾ, ಬಡಬಾ ಎಂಬ ರೂಪಗಳೂ ಬಳಕೆಗೆ ಬಂದವು. ವನ ಬನವಾದಂತೆ, ವಸತಿ ಬಸದಿಯಾದಂತೆ ಎನ್ನಿ. ಕೊನೆಯ ಆಕಾರ ಕನ್ನಡದಲ್ಲಿ ಎಕಾರವಾಗುತ್ತದೆ. ಶಾಲಾ ಶಾಲೆಯಾದ ಹಾಗೆ ಬಡಬಾ ‘ಬಡಬೆ’. ಬಡಬಾ ಮತ್ತು ಅಗ್ನಿ ಸೇರಿ ಬಡಬಾಗ್ನಿ, ಅನಲ ಸೇರಿ ಬಡಬಾನಲ. ನಮ್ಮ ಹಳೆಯ ಕಾವ್ಯಗಳಲ್ಲಿ ‘ಬಡಬಾನಳ’ ಎಂದು ಧಾರಾಳವಾಗಿ ಬರುವುದು ಇದೇ.

ಬಡವನಿಗೂ ಇದಕ್ಕೂ ಸಂಬಂಧವಿಲ್ಲ. ‘ಬಡ’ ಎಂದರೆ ಕೃಶವಾದ, ಶಕ್ತಿಗುಂದಿದ ಎಂಬರ್ಥದ ಅಚ್ಚ ಕನ್ನಡ ಪದ. ಬಡಕಲು, ಬಡವ, ಬಡತನ ಎಲ್ಲ ಅದರ ಸಂತಾನ. ಅದಕ್ಕೆ ಸಂಸ್ಕೃತದ ಅಗ್ನಿಯನ್ನು ಜೋಡಿಸಿದರೆ ಅದು ಅರಿಸಮಾಸವಾಗುತ್ತದೆ ಎಂದು ಕನ್ನಡದ ಮೇಡಂ ನಗುತ್ತಾ ಹೇಳಿದರು. ಆದರೆ ಕಿವಿಗೆ ಒಂದೇ ರೀತಿ ಕೇಳುವ ಪದಗಳನ್ನು ಒಂದೇ ಗೂಟಕ್ಕೆ ಕಟ್ಟುವ ತಪ್ಪು ನಮ್ಮ ಹುಡುಗ ಒಬ್ಬನೇ ಮಾಡಿದ್ದಲ್ಲ. ಇಂಗ್ಲಿಷಿನಲ್ಲಿ ಹೆಣ್ಣು ಕುದುರೆ ‘ಮೇರ್’. ಕೆಟ್ಟ ಕನಸು ‘ನೈಟ್‌ಮೇರ್’. ಈ ಎರಡನೆಯ ಮೇರ್ ಕುದುರೆಯೇ ಅಲ್ಲ. ಮಲಗಿದವರ ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ ಪಿಶಾಚಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು ಅದು. ಆದರೂ 1781ರಲ್ಲಿ ಫ್ಯೂಸ್ಲಿ ಎಂಬ ಕಲಾವಿದ ‘ನೈಟ್‌ಮೇರ್’ ಚಿತ್ರ ಬರೆದಾಗ, ಮಲಗಿದ ಹೆಂಗಸಿನ ಎದೆಯ ಮೇಲೆ ಪಿಶಾಚಿಯನ್ನು ಕೂರಿಸಿದ್ದು ಸಾಲದೆಂದು ಪರದೆಯ ಸಂದಿಯಿಂದ ಒಂದು ಕುದುರೆಯ ತಲೆಯನ್ನೂ ತೂರಿಸಿದ. ಅದೇ ಕಾಗುಣಿತದ ಮೂರನೆಯ ಪದ ಲ್ಯಾಟಿನ್ನಿನದು, ಅರ್ಥ ಸಮುದ್ರ. ಚಂದ್ರನ ಮೇಲಿನ ಕಪ್ಪು ಬಯಲುಗಳಿಗೆ ಖಗೋಳ ವಿಜ್ಞಾನಿಗಳು ಕೊಟ್ಟ ಹೆಸರು ಅದೇ. 1969ರಲ್ಲಿ ಮಾನವ ಮೊದಲು ಕಾಲಿಟ್ಟದ್ದು ಅಂಥ ಒಂದು ‘ಪ್ರಶಾಂತ ಸಾಗರ’ದಲ್ಲಿ. ಕುದುರೆ, ಪಿಶಾಚಿ, ಸಮುದ್ರ: ಬರೆಯುವುದು ಒಂದೇ ಥರ, ಹುಟ್ಟು ಮಾತ್ರ ಬೇರೆ ಬೇರೆ.

ಇನ್ನು ಕನ್ನಡಕ್ಕೆ ಬರೋಣ. ನಮ್ಮ ಮನೆಯ ಪ್ರಾಣಿಗಳಿಗೆ ನಾವಿಟ್ಟಿರುವ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ. ಹಸು, ಎತ್ತು, ಗೂಳಿ, ಕಡಸು, ಎಮ್ಮೆ, ಕೋಣ, ಕುರಿ, ಟಗರು, ಮೇಕೆ, ಹೋತ, ಹುಂಜ, ಹ್ಯಾಟೆ. ಗಂಡಿಗೊಂದು, ಹೆಣ್ಣಿಗೊಂದು, ಈಯದ್ದಕ್ಕೊಂದು, ಉಳುವುದಕ್ಕೊಂದು ಹೆಸರು. ಕಾಡಿನ ಆನೆಗೂ ಹಳಗನ್ನಡದವರು ‘ಪಿಡಿ’ ಎಂದು ಹೆಣ್ಣಿನ ಹೆಸರು ಇಟ್ಟುಕೊಂಡಿದ್ದರು. ಆದರೆ ಕುದುರೆಯ ವಿಷಯಕ್ಕೆ ಬಂದರೆ? ದಿನಬಳಕೆಯ ಮಾತಿನಲ್ಲಿ ‘ಹೆಣ್ಣು ಕುದುರೆ’ ಎನ್ನದೆ ಗತಿಯಿಲ್ಲ. ನಮ್ಮ ಮೈಸೂರಿನ ರೇಸ್ ಕೋರ್ಸಿನ ಬಳಿ ಹೋಗಿ ಕೇಳಿ, ಎಳೆಯದಾದರೆ ‘ಫಿಲ್ಲಿ’, ಬೆಳೆದದ್ದಾದರೆ ‘ಮೇರ್’ ಎನ್ನುತ್ತಾರೆಯೇ ಹೊರತು ಬಡಬೆ ಎನ್ನುವವರು ಯಾರೂ ಸಿಗುವುದಿಲ್ಲ.

ನನಗೆ ತೋರುವ ಕಾರಣ ಇದು. ಯಾವ ಪ್ರಾಣಿಯ ಬಸಿರು, ಬಾಣಂತನ ನಮ್ಮ ಹಿತ್ತಿಲಲ್ಲೇ ಆಗುತ್ತದೋ ಅದರ ಹೆಣ್ಣಿಗೆ ನಮ್ಮಲ್ಲಿ ಹೆಸರು ಹುಟ್ಟುತ್ತದೆ. ಕುದುರೆ ನಮ್ಮ ರೈತನ ಕೊಟ್ಟಿಗೆಯ ಪ್ರಾಣಿಯಲ್ಲ. ಅದು ಅರಸರದು, ದಂಡಿನದು. ಒಳ್ಳೆಯ ಕುದುರೆಯಂತೂ ಹಡಗಿನಲ್ಲಿ ಬರುತ್ತಿತ್ತು. ವಿಜಯನಗರದ ಕಾಲದಲ್ಲಿ ಹೊರ್ಮುಜ್, ಏಡನ್ ಕಡೆಯಿಂದ ಕುದುರೆಗಳು ಗೋವಾ, ಭಟ್ಕಳದಂಥ ಬಂದರುಗಳಿಗೆ ಬಂದು ಇಳಿಯುತ್ತಿದ್ದವು. 1535ರ ಸುಮಾರಿಗೆ ವಿಜಯನಗರದ ವೃತ್ತಾಂತ ಬರೆದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಗೆ ಕೊಡುವಷ್ಟೇ ಹಣ ಎಣಿಸುತ್ತಿದ್ದನಂತೆ! ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಹೊರ್ಮುಜ್‌ನವೂ ನಾಡತಳಿಯವೂ ಸೇರಿ ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದರು ಎಂದೂ ಅವನೇ ಬರೆದಿದ್ದಾನೆ. ಕುದುರೆ ಕೊಳ್ಳುವವನಿಗೆ ಬೆಲೆ ಮುಖ್ಯ, ಸಾಕುವವನಿಗೆ ತಾಯಿ ಮುಖ್ಯ. ನಮ್ಮ ನಾಡಿನಲ್ಲಿ ತಾಯಿ ಕುದುರೆಯನ್ನೇ ನಂಬಿ ನಡೆದ ಹೆಸರಾಂತ ಜಾಗ ಕುಣಿಗಲ್ಲಿನ ಕುದುರೆ ಫಾರಂ. ಹೈದರ್, ಟಿಪ್ಪು ಕಾಲದ ಅಶ್ವದಳದ ಅಗತ್ಯಕ್ಕೆ ಹುಟ್ಟಿದ್ದು. ಹೆಣ್ಣು ಕುದುರೆ ಹೊಟ್ಟೆಯಲ್ಲಿ ಹೊರುವುದು ಸುಮಾರು ಹನ್ನೊಂದು ತಿಂಗಳು, ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಗೆದ್ದ ಗಂಡು ಕುದುರೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಅಷ್ಟು ದಿನ ಹೊತ್ತ ತಾಯಿಯ ಹೆಸರು ಪಂದ್ಯದ ಪುಸ್ತಕದ ಸಣ್ಣಕ್ಷರದಲ್ಲಿ ಇರುತ್ತದೆ.

ಆದರೂ ಹೆಣ್ಣು ಕುದುರೆಯ ನೆನಪು ನಮ್ಮ ಹಾಜರಿ ಪುಸ್ತಕದಲ್ಲಿ ಬೇರೊಂದು ವೇಷದಲ್ಲಿ ಉಳಿದಿದೆ. ಒಂದು ಕಾಲಕ್ಕೆ ನನ್ನ ಪ್ರತಿ ತರಗತಿಯಲ್ಲೂ ಒಬ್ಬ ಅಶ್ವಿನಿ ಇದ್ದೇ ಇರುತ್ತಿದ್ದಳು. ಸೂರ್ಯನ ತಾಪ ತಾಳಲಾರದ ಸಂಜ್ಞಾದೇವಿ ಹೆಣ್ಣು ಕುದುರೆಯಾಗಿ ತಲೆಮರೆಸಿಕೊಂಡಳೆಂದೂ, ಆಗ ಹುಟ್ಟಿದ ಅವಳಿಗಳೇ ದೇವವೈದ್ಯರಾದ ಅಶ್ವಿನೀ ದೇವತೆಗಳೆಂದೂ ಪುರಾಣದ ಕಥೆ. ಇಪ್ಪತ್ತೇಳು ನಕ್ಷತ್ರಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅಶ್ವಿನಿ.

ಈಗ ಮೂಲ ಪ್ರಶ್ನೆ. ಸಮುದ್ರದ ಬೆಂಕಿಗೆ ಕುದುರೆಯ ಹೆಸರು ಬಂದದ್ದು ಹೇಗೆ? ಮಹಾಭಾರತದ ಆದಿಪರ್ವದಲ್ಲಿ ಔರ್ವನ ಕಥೆ ಬರುತ್ತದೆ. ಹಣದಾಸೆಗೆ ಕ್ಷತ್ರಿಯರು ಭೃಗುವಂಶದವರನ್ನು, ಬಸಿರಲ್ಲಿದ್ದ ಕೂಸುಗಳನ್ನೂ ಬಿಡದೆ ಕೊಂದರು. ಒಬ್ಬ ತಾಯಿ ತನ್ನ ಗರ್ಭವನ್ನು ತೊಡೆಯಲ್ಲಿ ಬಚ್ಚಿಟ್ಟು ಉಳಿಸಿಕೊಂಡಳು. ಊರು ಎಂದರೆ ತೊಡೆ, ಅದರಿಂದ ಬಂದವನು ಔರ್ವ. ಆ ಮಗುವಿನ ಸಿಟ್ಟು ಲೋಕವನ್ನೇ ಸುಡುವಂತಿತ್ತು. ಆಗ ಪಿತೃಗಳು ಬಂದು, ಲೋಕ ಸುಡಬೇಡ, ಆ ಬೆಂಕಿಯನ್ನು ನೀರಿಗೆ ಬಿಡು ಎಂದು ಬುದ್ಧಿ ಹೇಳಿದರು. ಅವನು ಹಾಗೇ ಮಾಡಿದ. ಬೆಂಕಿ ಕುದುರೆಯ ತಲೆಯಾಗಿ ಸಮುದ್ರದಲ್ಲಿ ನಿಂತು ಇಂದಿಗೂ ನೀರು ಕುಡಿಯುತ್ತಿದೆ ಎಂಬುದು ಕಥೆ. ಮುಂದಿನ ಪುರಾಣಗಳಲ್ಲಿ ಅದು ಬಡಬಾಮುಖ, ಅಂದರೆ ಹೆಣ್ಣು ಕುದುರೆಯ ಮುಖ. ಅನ್ಯಾಯ ಕಂಡವನ ಸಿಟ್ಟನ್ನು ಆರಿಸಲಿಲ್ಲ, ಊರು ಸುಡುವುದಕ್ಕೂ ಬಿಡಲಿಲ್ಲ, ಒಂದು ಜಾಗ ಕೊಟ್ಟರು. ಕಥೆ ಕಟ್ಟಿದವರು ಸಾಮಾನ್ಯರಲ್ಲ.

ಬಡಬಾಮುಖ ಪುರಾಣದಿಂದ ಗಣಿತಕ್ಕೂ ಬಂತು. ಕ್ರಿ.ಶ. 499ರ ಆರ್ಯಭಟೀಯದ ಗೋಲಪಾದದಲ್ಲಿ ಭೂಮಿಯ ಎರಡು ತುದಿಗಳ ವಿವರ ಇದೆ. ಉತ್ತರದ ತುದಿಯಲ್ಲಿ ನೆಲದ ನಡುವೆ ಮೇರು, ದಕ್ಷಿಣದ ತುದಿಯಲ್ಲಿ ನೀರಿನ ನಡುವೆ ಬಡಬಾಮುಖ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆಂದು ಧೈರ್ಯವಾಗಿ ಹೇಳಿದ ಆರ್ಯಭಟನ ಮಾತು ಇಲ್ಲಿ ಮಾತ್ರ ತಲೆಕೆಳಗು. ಉತ್ತರ ಧ್ರುವದಲ್ಲಿರುವುದು ಸಮುದ್ರ, ಅದರ ಮೇಲೆ ತೇಲುವ ಮಂಜು. ದಕ್ಷಿಣ ಧ್ರುವದಲ್ಲಿರುವುದು ನೆಲ, ಅಂಟಾರ್ಕ್ಟಿಕಾ ಖಂಡ. ಅಲ್ಲಿಗೆ ಹೋಗಿ ನೋಡದೆ ತಿಳಿಯುವ ಸಂಗತಿ ಇದಲ್ಲ, ಹಾಗಾಗಿ ಆರ್ಯಭಟನನ್ನು ದೂರುವಂತಿಲ್ಲ. ಇನ್ನೊಂದು ಮಾತು. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವುದು ಹೇಸರಗತ್ತೆ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಹೇಸರಗತ್ತೆಗೆ 63. ಜೋಡಿ ಕೂಡದ್ದರಿಂದ ಸಾಮಾನ್ಯವಾಗಿ ಅದಕ್ಕೆ ಸಂತಾನವಿಲ್ಲ. ದಕ್ಷಿಣ ಧ್ರುವಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್‌ನ ತಂಡಕ್ಕೆ ಭಾರತದಿಂದ ಏಳು ಹೇಸರಗತ್ತೆಗಳನ್ನು ಕಳಿಸಿದ್ದರು. ರಾಣಿ, ಬೇಗಂ, ಗುಲಾಬ್ ಎಂಬ ಹೆಸರಿನವು. ಹಿಂದಿರುಗದ ಸ್ಕಾಟ್‌ನನ್ನು ಹುಡುಕುತ್ತಾ ಹೋಗಿ 1912ರ ನವೆಂಬರ್‌ನಲ್ಲಿ ಅವನ ಡೇರೆಯನ್ನು, ಅದರೊಳಗೆ ಅವನ ಮತ್ತು ಇಬ್ಬರು ಸಂಗಡಿಗರ ಶವಗಳನ್ನು ಕಂಡ ತಂಡದ ಸಾಮಾನು ಎಳೆದವು ಇವೇ. ಬಡಬೆಯ ಮಕ್ಕಳು ಬಡಬಾಮುಖದ ದಾರಿಯಲ್ಲಿ ನಡೆದಿದ್ದರು ಎನ್ನಬಹುದು.

ಈ ಹಂತದಲ್ಲಿ ಕೆಲವರು ನನ್ನನ್ನು ತಡೆದು ಹೇಳುತ್ತಾರೆ: ‘ಸಾರ್, 1977ರಲ್ಲಿ ಗಲಪಗಾಸ್ ದ್ವೀಪಗಳ ಬಳಿ ಎರಡೂವರೆ ಸಾವಿರ ಮೀಟರ್ ಆಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕವಲ್ಲ, ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳೂ ಇವೆಯಲ್ಲ, ನಮ್ಮ ಋಷಿಗಳು ಹೇಳಿದ ಬಡಬಾಗ್ನಿ ಅದೇ ಅಲ್ಲವೆ?’ ಅಲ್ಲ ಎಂದು ನಾನು ವಿನಯದಿಂದಲೇ ಹೇಳುತ್ತೇನೆ. ಆ ಬುಗ್ಗೆಗಳು ಸಮುದ್ರದ ನೀರನ್ನು ಕುಡಿದು ಖಾಲಿ ಮಾಡುವುದಿಲ್ಲ, ಒಳಗೆ ಹೋದ ನೀರು ಕಾದು ಮತ್ತೆ ಸಮುದ್ರಕ್ಕೇ ಬರುತ್ತದೆ. ಹಿರಿಯರು ಕೇಳಿದ ಪ್ರಶ್ನೆ ಬೇರೆ: ಇಷ್ಟು ನೀರು ಹೋಗುವುದೆಲ್ಲಿಗೆ? ಪ್ರಶ್ನೆ ನೂರಕ್ಕೆ ನೂರು ವೈಜ್ಞಾನಿಕ. ನೀರು ಮಾಯವಾಗಬೇಕಾದರೆ ಎಲ್ಲೋ ಶಾಖ ಇರಬೇಕು ಎಂಬ ಊಹೆಯೂ ಸರಿ. ಬೆಂಕಿಯ ವಿಳಾಸ ಮಾತ್ರ ತಪ್ಪಿತು. ಅದು ಸಮುದ್ರದ ತಳದಲ್ಲಿಲ್ಲ, ತಲೆಯ ಮೇಲೆ ಉರಿಯುತ್ತಿದೆ.

ಸೂರ್ಯನ ಶಾಖಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು ಸಮುದ್ರದ ನೀರು ಆವಿಯಾಗುತ್ತದೆ. ಇಡೀ ಸಾಗರದ ಮೇಲ್ಮೈಯಿಂದ ಒಂದು ಮೀಟರಿಗೂ ಹೆಚ್ಚು ದಪ್ಪದ ನೀರಿನ ಪದರ ಸುಲಿದ ಹಾಗೆ. ನದಿಗಳು ತಂದು ಹಾಕುವುದು ಇದರ ಹತ್ತನೇ ಒಂದು ಪಾಲಿನಷ್ಟು. ಉಳಿದದ್ದು ಮಳೆಯಾಗಿ ನೇರ ಸಮುದ್ರಕ್ಕೇ ಬೀಳುತ್ತದೆ. ಇದನ್ನು ಮೊದಮೊದಲು ಅಳೆದು ಲೆಕ್ಕ ಹಾಕಿದವರಲ್ಲಿ ಧೂಮಕೇತುವಿನ ಹ್ಯಾಲಿಯೂ ಒಬ್ಬ. 1687ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಬಹಳ ಸರಳ. ಒಂದು ಬಾಣಲೆಯಲ್ಲಿ ಉಪ್ಪುನೀರು ಹಾಕಿ, ಬೇಸಿಗೆಯ ಬಿಸಿಲಿನಷ್ಟು ಬೆಚ್ಚಗೆ ಮಾಡಿ, ತಕ್ಕಡಿಗೆ ತೂಗುಹಾಕಿ ಎಷ್ಟು ತೂಕ ಇಳಿಯಿತೆಂದು ನೋಡಿದ. ಅದರಿಂದ ಮೆಡಿಟರೇನಿಯನ್ ಸಮುದ್ರ ಬೇಸಿಗೆಯ ಒಂದು ದಿನಕ್ಕೆ 528 ಕೋಟಿ ಟನ್ ನೀರು ಕಳೆದುಕೊಳ್ಳುತ್ತದೆಂದೂ, ಅದಕ್ಕೆ ಸೇರುವ ಒಂಬತ್ತು ದೊಡ್ಡ ನದಿಗಳು ತರುವುದು ದಿನಕ್ಕೆ ಸುಮಾರು 183 ಕೋಟಿ ಟನ್ ಎಂದೂ ಅಂದಾಜು ಮಾಡಿದ. ಒಂದು ಬಾಣಲೆ, ಒಂದು ತಕ್ಕಡಿ, ಅಷ್ಟೆ. ಅಂದಹಾಗೆ, ಸಮುದ್ರ ಈಗ ನಿಧಾನವಾಗಿ ಏರುತ್ತಿರುವುದೂ ನಿಜ, 1901ರಿಂದ 2018ರೊಳಗೆ ಸುಮಾರು 20 ಸೆಂಟಿಮೀಟರ್. ಅದು ನದಿಗಳ ತಪ್ಪಲ್ಲ. ಭೂಮಿ ಬಿಸಿಯಾಗಿ ಮಂಜು ಕರಗುತ್ತಿದೆ, ಬಿಸಿಯಾದ ನೀರು ಹಿಗ್ಗುತ್ತಿದೆ.

ಇಷ್ಟೆಲ್ಲ ಓದಿಕೊಂಡ ಮೇಲೆ ನನಗೆ ನೆನಪಾದದ್ದು ನಮ್ಮ ಬೀದಿಯ ಜಟಕಾ ಸಾಬರು. ನಾನು ಚಿಕ್ಕವನಾಗಿದ್ದಾಗ ಮೈಸೂರಿನಲ್ಲಿ ಜಟಕಾಗಳ ಸದ್ದು ಇನ್ನೂ ಜೋರಾಗಿತ್ತು. ಸಾಬರದು ಹೆಣ್ಣು ಕುದುರೆ. ಅದಕ್ಕೆ ಅವರು ಇಟ್ಟ ಹೆಸರು ‘ಬೇಟಿ’. ರಾತ್ರಿ ಬಂದವರೇ ಮೊದಲು ಅದಕ್ಕೆ ನೆನೆಸಿದ ಹುರುಳಿಯ ಚೀಲ ಕಟ್ಟುತ್ತಿದ್ದರು. ಬಾಡಿಗೆ ಹುಟ್ಟದ ದಿನವೂ ಹುರುಳಿ ತಪ್ಪುತ್ತಿರಲಿಲ್ಲ, ಸಾಬರ ಊಟ ಮಾತ್ರ ಎಷ್ಟೋ ಸಲ ತಪ್ಪುತ್ತಿತ್ತೆಂದು ಅಮ್ಮ ಹೇಳುತ್ತಿದ್ದಳು. ‘ನನ್ನ ಹಸಿವು ನಾನು ಹೇಳ್ಕೋಬೋದು ಅಮ್ಮಾ, ಇದಕ್ಕೆ ಬಾಯಿಲ್ಲ’ ಎನ್ನುತ್ತಿದ್ದರಂತೆ.

ಬಾಯಿದ್ದೂ ಹೇಳಿಕೊಳ್ಳದವರು ಇರುತ್ತಾರೆ. ಮರುವಾರ ಆ ಹುಡುಗನನ್ನು ಕರೆದು, ‘ಆ ಪದ ಎಲ್ಲಿ ಕಲಿತೆಯಪ್ಪಾ?’ ಎಂದು ಕೇಳಿದೆ. ಅವನ ತಾತ ಊರಿನ ಪೌರಾಣಿಕ ನಾಟಕದಲ್ಲಿ ಭೀಮನ ಪಾತ್ರ ಮಾಡುತ್ತಿದ್ದರಂತೆ. ಹೊಟ್ಟೆಯಲ್ಲಿ ಬಡಬಾಗ್ನಿ ಉರಿಯುತ್ತಿದೆ ಎಂದು ಭೀಮ ಅಬ್ಬರಿಸುವ ಮಾತನ್ನು ಮನೆಯಲ್ಲೂ ಆಡುತ್ತಿದ್ದರಂತೆ. ‘ಬೆಳಗ್ಗೆ ಏನು ತಿಂದೆ?’ ಎಂದೆ. ಹುಡುಗ ಸುಮ್ಮನೆ ನಿಂತ. ಅವನಮ್ಮ ಐದೂವರೆಗೇ ಮನೆಗೆಲಸಕ್ಕೆ ಹೊರಡುತ್ತಾಳೆ, ಅವನ ಮೊದಲ ಅನ್ನ ಶಾಲೆಯ ಬಿಸಿಯೂಟ. ಎರಡನೇ ಪೀರಿಯಡ್ಡಿನ ಆ ಉತ್ತರ ಪುಸ್ತಕದಿಂದ ಬಂದದ್ದಲ್ಲ ಎಂದು ನನಗೆ ಅರ್ಥವಾದದ್ದು ಆಗ.

ಮಾರನೆಯ ದಿನ ಇಡೀ ತರಗತಿಯನ್ನು ಶಾಲೆಯ ತಾರಸಿಗೆ ಕರೆದುಕೊಂಡು ಹೋದೆ. ಊಟದ ತಟ್ಟೆಗಳಲ್ಲಿ ಅರ್ಧರ್ಧ ಲೀಟರ್ ಉಪ್ಪುನೀರು ಅಳೆದು ಬಿಸಿಲಿಗಿಟ್ಟೆವು. ಅಳೆಯುವ ಕೆಲಸ ಆ ಹುಡುಗನದು. ಸಂಜೆ ನೋಡಿದರೆ ಮೂರನೇ ಒಂದು ಪಾಲಿನಷ್ಟು ನೀರು ಮಾಯ. ‘ಬಡಬಾಗ್ನಿ ಕುಡಿದದ್ದು ಇಷ್ಟು’ ಎಂದು ಅವನೇ ಕಪ್ಪುಹಲಗೆಯ ಮೇಲೆ ಬರೆದ. ಅವತ್ತು ನಾನು ಮಕ್ಕಳಿಗೆ ಹೇಳಿದೆ: ‘ಹೋದ ವಾರ ಇವನ ಮಾತಿಗೆ ನಾವು ನಕ್ಕೆವು. ಪದದ ಅರ್ಥ ನನಗೂ ಗೊತ್ತಿರಲಿಲ್ಲ, ಆದರೂ ನಕ್ಕೆ. ಅದು ನನ್ನ ತಪ್ಪು.’ ಆಮೇಲೆ ಒಂದು ಲೆಕ್ಕ ಮಾಡಿಸಿದೆ. ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ಬಳಸುವ ದೇಹ ಎಷ್ಟು ವ್ಯಾಟ್? ಭಾಗಿಸಿ ನೋಡಿದರೆ 97 ಬಂತು. ಹಳೆಯ ಕಾಲದ ಒಂದು ನೂರು ವ್ಯಾಟಿನ ಬಲ್ಬಿನಷ್ಟು. ಹಗಲು ರಾತ್ರಿ ಆರದ ಬೆಂಕಿ ಪ್ರತಿಯೊಬ್ಬರ ಒಡಲಲ್ಲೂ ಇದೆ. ಎಣ್ಣೆ ಹಾಕುವುದು ತಪ್ಪಿದರೆ ಅದು ಒಡಲನ್ನೇ ಸುಡುತ್ತದೆ. ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ, ಎಣ್ಣೆಗೆ ಇದೆ.

ಈಗ ಸ್ಟಾಫ್ ರೂಮಿನ ಬೀರುವಿನಲ್ಲಿ ಒಂದು ಡಬ್ಬ ಇದೆ. ಅದರಲ್ಲಿ ಬಾಳೆಹಣ್ಣೋ ಕಡಲೆಕಾಯಿಯೋ ಬಿಸ್ಕತ್ತೋ ಇರುತ್ತದೆ, ಒಬ್ಬೊಬ್ಬರು ಒಂದೊಂದು ದಿನ ತರುತ್ತೇವೆ. ಬೆಳಗಿನ ಮೊದಲ ಗಂಟೆಗೆ ಮುಂಚೆ ಯಾರು ಬೇಕಾದರೂ ಬಂದು ತೆಗೆದುಕೊಳ್ಳಬಹುದು, ಕಾರಣ ಕೇಳುವಂತಿಲ್ಲ. ಕನ್ನಡದ ಮೇಡಂ ಅದಕ್ಕೆ ‘ಬಡಬೆಯ ಡಬ್ಬ’ ಎಂದು ಹೆಸರಿಟ್ಟಿದ್ದಾರೆ.

ನಿಮ್ಮ ಕಡೆ ಕುದುರೆ ಸಾಕಿದ ಹಿರಿಯರು ಯಾರಾದರೂ ಇದ್ದರೆ ಹೆಣ್ಣು ಕುದುರೆಯನ್ನು ಅವರು ಏನೆಂದು ಕರೆಯುತ್ತಿದ್ದರೆಂದು ಕೇಳಿ, ಒಂದು ಕಾರ್ಡು ಬರೆಯಿರಿ. ಬಂದ ಹೆಸರುಗಳನ್ನು ಮತ್ತೊಂದು ವಾರ ಇಲ್ಲೇ ಹಂಚಿಕೊಳ್ಳುತ್ತೇನೆ.